ಪೊರಕೆಗೂ ಒಂದು ಸರದಿ

ಪ್ರಶ್ನೆ: ಜಪಾನಿನ ಶಾಲೆಗಳಲ್ಲಿ ಜವಾನರೇ ಇಲ್ಲ, ಮಕ್ಕಳೇ ಗುಡಿಸಿ ಒರೆಸುತ್ತಾರೆ, ನಾಲ್ಕನೇ ತರಗತಿವರೆಗೆ ಪರೀಕ್ಷೆಯೇ ಇಲ್ಲ ಎಂಬ ಮೆಸೇಜು ನಮ್ಮ ಶಿಕ್ಷಕರ ವಾಟ್ಸ್ಯಾಪ್ ಗುಂಪಿಗೆ ಆಗಾಗ ಬರುತ್ತಿರುತ್ತದೆ. ಇದು ಎಷ್ಟು ನಿಜ? ಆ ಶಿಸ್ತು ಅವರಿಗೆ ಹುಟ್ಟಿನಿಂದಲೇ ಬಂದದ್ದೋ, ಶಾಲೆ ಕಲಿಸಿದ್ದೋ? ನಮ್ಮಲ್ಲಿ ಮಕ್ಕಳ ಕೈಗೆ ಪೊರಕೆ ಕೊಟ್ಟರೆ ಪಾಲಕರು ಜಗಳಕ್ಕೆ ಬರುತ್ತಾರೆ. ಅಲ್ಲಿ ಹೇಗೆ ನಡೆಯುತ್ತದೆ?
– ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಆ ಮೆಸೇಜು ನನಗೂ ಬಂದಿದೆ. ಮೊದಲು ಬರೆದವರು ಯಾರೋ, ಕನ್ನಡಕ್ಕೆ ತಂದವರು ಯಾರೋ. ಪ್ರತಿ ಸಲ ಬಂದಾಗಲೂ ಒಂದೆರಡು ಸಾಲು ಹೊಸದಾಗಿ ಸೇರಿರುತ್ತವೆ. ಅರ್ಧ ನಿಜ, ಉಳಿದದ್ದು ಉಪ್ಪುಖಾರ.

ಪರೀಕ್ಷೆ ಇಲ್ಲ ಎನ್ನುವುದು ಶುದ್ಧ ಸುಳ್ಳು. ಜಪಾನಿನಲ್ಲಿ ಒಂದನೇ ತರಗತಿಯ ಮಗುವೂ ಒಂದು ಪಾಠ ಮುಗಿದ ಮೇಲೆ ಕಿರುಪರೀಕ್ಷೆ ಬರೆಯುತ್ತದೆ. ಟೀಚರು ಕೆಂಪು ಶಾಯಿಯಲ್ಲಿ ತಿದ್ದಿ ನೂರಕ್ಕೆ ಇಷ್ಟು ಎಂದು ಅಂಕ ಹಾಕಿ ಕೊಡುತ್ತಾರೆ. ಬರೆಯದೆ ಬೇರೆ ದಾರಿಯೂ ಇಲ್ಲ. ಹಿರಗಾನ, ಕತಕಾನ ಎಂಬ ಎರಡು ವರ್ಣಮಾಲೆಗಳ ಮೇಲೆ ಚೀನೀ ಮೂಲದ ಕಾಂಜಿ ಅಕ್ಷರಗಳು ಬೇರೆ: ಒಂದನೇ ತರಗತಿಯಲ್ಲಿ 80, ಆರನೇ ತರಗತಿ ಮುಗಿಯುವ ಹೊತ್ತಿಗೆ ಒಟ್ಟು 1,026. ಇವು ಕೈಗೆ ಹತ್ತಬೇಕಾದರೆ ಬರೆದು ಬರೆದೇ ಆಗಬೇಕು. ಅಲ್ಲಿ ಇಲ್ಲದಿರುವುದು ನಪಾಸು ಮತ್ತು ಪಬ್ಲಿಕ್ ಪರೀಕ್ಷೆ. 1947ರಲ್ಲಿ ಬಂದ ವ್ಯವಸ್ಥೆಯಂತೆ ಆರು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ, ಈ ಒಂಬತ್ತು ವರ್ಷ ಕಡ್ಡಾಯ. ಅಲ್ಲಿಯವರೆಗೆ ಎಲ್ಲರೂ ವಯಸ್ಸಿಗೆ ತಕ್ಕ ತರಗತಿಯಲ್ಲೇ ಮುಂದೆ ಸಾಗುತ್ತಾರೆ. ಹದಿನೈದಕ್ಕೆ ಹೈಸ್ಕೂಲಿನ ಪ್ರವೇಶ ಪರೀಕ್ಷೆ ಎದುರಾಗುತ್ತದೆ. ಹಿಂದಿನ ನೆಮ್ಮದಿಗೆಲ್ಲ ಬಡ್ಡಿ ಕಟ್ಟುವ ಕಾಲ ಅದು. ಸಂಜೆಯ ಟ್ಯೂಷನ್ ಕೇಂದ್ರಗಳಿಗೆ ಅಲ್ಲಿ ಜುಕು ಎನ್ನುತ್ತಾರೆ. ರಾತ್ರಿ ಒಂಬತ್ತರ ನಂತರ ಜುಕು ಮುಗಿಸಿ ರೈಲಿನಲ್ಲಿ ತೂಕಡಿಸುತ್ತ ಮನೆಗೆ ಹೋಗುವ ಮಕ್ಕಳು ಟೋಕಿಯೋದಲ್ಲಿ ಅಪರೂಪವೇನಲ್ಲ.

ಜವಾನರಿಲ್ಲ ಎಂಬುದೂ ಹಾಗೆಯೇ. ನಲ್ಲಿ ಸರಿಪಡಿಸಲು, ಕಿಟಕಿಯ ಗಾಜು ಹಾಕಲು, ಗಿಡ ಕತ್ತರಿಸಲು ಶಾಲೆಗಳಲ್ಲಿ ಸಿಬ್ಬಂದಿ ಇರುತ್ತಾರೆ. ತರಗತಿ, ಮೆಟ್ಟಿಲು, ಪಡಸಾಲೆ, ಕೈತೊಳೆಯುವ ಜಾಗ ಇವುಗಳ ದಿನನಿತ್ಯದ ಗುಡಿಸು-ಒರೆಸು ಮಾತ್ರ ಮಕ್ಕಳದು. ಮೆಸೇಜಿನಲ್ಲಿ ನಿಜವಾದದ್ದು ಈ ಭಾಗ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪೊರಕೆಗೆ ಮುಂಚೆ ಪಾದರಕ್ಷೆಯ ವಿಷಯ ಹೇಳಬೇಕು, ಯಾವ ಮೆಸೇಜೂ ಅದನ್ನು ಹೇಳುವುದಿಲ್ಲ. ಶಾಲೆಯ ಬಾಗಿಲಲ್ಲೇ ಗೂಡು ಗೂಡಾದ ಕಪಾಟಿದ್ದು, ಮಕ್ಕಳು ಹೊರಗಿನ ಶೂ ಅಲ್ಲಿ ಬಿಟ್ಟು ಒಳಗೆ ಮಾತ್ರ ತೊಡುವ ಬಟ್ಟೆಯ ಶೂ ಹಾಕಿಕೊಳ್ಳುತ್ತಾರೆ. ಅದನ್ನು ವಾರದ ಕೊನೆಗೆ ಮನೆಗೆ ಒಯ್ದು ತೊಳೆದು ತರಬೇಕು. ಹೀಗಾಗಿ ತರಗತಿಯ ನೆಲದ ಮೇಲೆ ಮಣ್ಣು ಕೆಸರು ಇರುವುದೇ ಇಲ್ಲ. ಬಿದ್ದಿರುವುದು ರಬ್ಬರಿನ ಪುಡಿ, ಕೂದಲು, ಬಟ್ಟೆಯ ದೂಳು. ಏಳು ವರ್ಷದ ಮಗು ಹದಿನೈದು ನಿಮಿಷದಲ್ಲಿ ಮುಗಿಸಬಹುದಾದಷ್ಟೇ ಕೆಲಸ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ಕಾಲುಗಳು ನೇರವಾಗಿ ತರಗತಿಗೆ ಬರುವ ಶಾಲೆಯಲ್ಲಿ ಅದೇ ಹದಿನೈದು ನಿಮಿಷಕ್ಕೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಸ್ವಚ್ಛತೆಯ ಹೊತ್ತು ವೇಳಾಪಟ್ಟಿಯಲ್ಲೇ ಇರುತ್ತದೆ, ಹೆಚ್ಚಾಗಿ ಊಟದ ನಂತರ. ಧ್ವನಿವರ್ಧಕದಲ್ಲಿ ಹಾಡು ಶುರುವಾಗುತ್ತದೆ. ಬೆಂಚುಗಳನ್ನೆಲ್ಲ ಹಿಂದಕ್ಕೆ ತಳ್ಳಿ ಮುಂದಿನ ಅರ್ಧ ಗುಡಿಸುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಮತ್ತೆ ಬೆಂಚು ಮುಂದಕ್ಕೆ ತಂದು ಹಿಂದಿನ ಅರ್ಧ. ಒರೆಸುವ ಬಟ್ಟೆ ಹಳೆಯ ಟವಲನ್ನು ಮಡಚಿ ಹೊಲಿದದ್ದು, ವರ್ಷದ ಮೊದಲಿಗೆ ಮನೆಯಿಂದಲೇ ತರಬೇಕು. ಈಗ ನೂರು ಯೆನ್ ಅಂಗಡಿಯಲ್ಲಿ ಹೊಲಿದದ್ದೇ ಸಿಗುವುದರಿಂದ ತಾಯಂದಿರಿಗೆ ಒಂದು ಕೆಲಸ ಕಡಿಮೆಯಾಗಿದೆ. ಉದ್ದನೆಯ ಪಡಸಾಲೆಯಲ್ಲಿ ಎರಡೂ ಕೈಯಲ್ಲಿ ಬಟ್ಟೆ ಒತ್ತಿ ಹಿಡಿದು, ಸೊಂಟ ಮೇಲೆತ್ತಿ, ಸಾಲಾಗಿ ಓಡುವುದು ಮಕ್ಕಳಿಗೆ ಪಂದ್ಯವೇ. ಟೀಚರು ಕುರ್ಚಿಯಲ್ಲಿ ಕೂತು ನೋಡುವುದಿಲ್ಲ, ಅವರ ಕೈಯಲ್ಲೂ ಬಟ್ಟೆ ಇರುತ್ತದೆ. ಹಲವು ಶಾಲೆಗಳಲ್ಲಿ ಒಂದನೆಯವರಿಂದ ಆರನೆಯವರವರೆಗೆ ಬೆರೆಸಿ ತಂಡ ಕಟ್ಟುತ್ತಾರೆ; ಬಟ್ಟೆ ಹಿಂಡುವುದನ್ನು ಚಿಕ್ಕವರಿಗೆ ದೊಡ್ಡವರೇ ಕಲಿಸುತ್ತಾರೆ.

ನನ್ನ ಮಟ್ಟಿಗೆ ಇಡೀ ಏರ್ಪಾಡಿನ ಜೀವ ಇರುವುದು ಗೋಡೆಗೆ ತೂಗುಹಾಕಿದ ಒಂದು ರಟ್ಟಿನ ಚಕ್ರದಲ್ಲಿ. ಎರಡು ವೃತ್ತಗಳು, ನಡುವೆ ಒಂದು ಪಿನ್ನು. ಹೊರಗಿನ ವೃತ್ತದಲ್ಲಿ ಕೆಲಸಗಳು, ಒಳಗಿನದರಲ್ಲಿ ತಂಡಗಳು. ವಾರಕ್ಕೊಮ್ಮೆ ಒಂದು ಮನೆ ತಿರುಗಿಸಿದರೆ ಮುಗಿಯಿತು. ಕಳೆದ ವಾರ ಕಪ್ಪುಹಲಗೆ ಒರೆಸಿದವರು ಈ ವಾರ ಕೈತೊಳೆಯುವ ತೊಟ್ಟಿ ಉಜ್ಜುತ್ತಾರೆ. ಈ ಸರದಿಗೆ ಅವರು ತೋಬಾನ್ ಎನ್ನುತ್ತಾರೆ. ಅದು ಪೊರಕೆಗಷ್ಟೇ ಅಲ್ಲ. ದಿನಕ್ಕೊಬ್ಬರೋ ಇಬ್ಬರೋ ಮಕ್ಕಳು ಆ ದಿನದ ಮುಖ್ಯಸ್ಥರು. ಬೆಳಗಿನ ಸಭೆ ನಡೆಸುವುದು, ಎಲ್ಲರೂ ಎದ್ದು ನಮಸ್ಕರಿಸುವಂತೆ ಹೇಳುವುದು, ಸಂಜೆ ತರಗತಿಯ ದಿನಚರಿ ಬರೆದಿಡುವುದು ಅವರ ಪಾಲು. ಜಾಣರಿಗೂ, ಮಾತೇ ಬಾರದ ಮುಜುಗರದವರಿಗೂ, ಗಲಾಟೆಯವರಿಗೂ ಆ ದಿನ ಬಂದೇ ಬರುತ್ತದೆ. ನಮ್ಮ ಕ್ಲಾಸ್ ಲೀಡರ್ ವರ್ಷಪೂರ್ತಿ ಒಬ್ಬನೇ. ಹೆಚ್ಚಾಗಿ ಮೊದಲ ಬೆಂಚಿನವನೇ.

ಊಟದ್ದು ಇನ್ನೂ ಸೊಗಸು. ಜಪಾನಿನ ಮೊದಲ ಶಾಲಾ ಊಟ ನಡೆದದ್ದು 1889ರಲ್ಲಿ, ಯಮಗಾತಾ ಪ್ರಾಂತ್ಯದ ತ್ಸುರುಓಕಾ ಊರಿನ ಒಂದು ದೇವಾಲಯದಲ್ಲಿದ್ದ ಶಾಲೆಯಲ್ಲಿ. ಬುತ್ತಿ ತರಲಾಗದ ಬಡ ಮಕ್ಕಳಿಗೆ ಬೌದ್ಧ ಭಿಕ್ಷುಗಳು ಅನ್ನದ ಉಂಡೆ, ಸುಟ್ಟ ಉಪ್ಪುಮೀನು, ಉಪ್ಪಿನಕಾಯಿ ಕೊಟ್ಟರು. ಎರಡನೇ ಮಹಾಯುದ್ಧದ ನಂತರದ ಹಸಿವಿನ ವರ್ಷಗಳಲ್ಲಿ ಅಮೆರಿಕದಿಂದ ಬಂದ ಹಾಲಿನ ಪುಡಿ, ಬ್ರೆಡ್ಡು ಮಕ್ಕಳ ಹೊಟ್ಟೆ ತುಂಬಿಸಿದವು. ಆ ಹಾಲಿನ ವಾಸನೆಯನ್ನು ಈಗಲೂ ಮುಖ ಕಿವುಚಿ ನೆನೆಯುವ ಅಜ್ಜ ಅಜ್ಜಿಯರಿದ್ದಾರೆ. 1954ರಲ್ಲಿ ಶಾಲಾ ಊಟಕ್ಕೆಂದೇ ಕಾನೂನು ಬಂತು. ಅನ್ನವೇ ಪ್ರಧಾನವಾದ ಆ ದೇಶದ ಶಾಲಾ ತಟ್ಟೆಗೆ ಅನ್ನ ಅಧಿಕೃತವಾಗಿ ಬಂದದ್ದು 1976ರಲ್ಲಿ! ಅಡುಗೆಮನೆ ಮತ್ತು ಸಿಬ್ಬಂದಿಯ ಖರ್ಚು ಸ್ಥಳೀಯ ಆಡಳಿತದ್ದು, ದಿನಸಿಯ ಖರ್ಚು ಪಾಲಕರದು ಎಂಬುದು ಆ ಕಾನೂನಿನ ಲೆಕ್ಕ. ಈಚೆಗೆ ಅನೇಕ ಊರುಗಳು ಪಾಲಕರ ಪಾಲನ್ನೂ ಮನ್ನಾ ಮಾಡಿವೆ.

ಮಧ್ಯಾಹ್ನ ಸರದಿಯ ಮಕ್ಕಳು ಬಿಳಿ ಏಪ್ರನ್, ಟೋಪಿ, ಮಾಸ್ಕ್ ತೊಟ್ಟು ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆ, ಅನ್ನದ ಡಬ್ಬಿ, ಹಾಲಿನ ಬುಟ್ಟಿ ಹೊತ್ತು ತರುತ್ತಾರೆ. ತರಗತಿಯೇ ಊಟದ ಮನೆ. ಅವರೇ ಬಡಿಸುತ್ತಾರೆ, ಟೀಚರಿಗೂ. ಎಲ್ಲರ ತಟ್ಟೆ ತುಂಬಿ, ಎಲ್ಲರೂ ಕೈಜೋಡಿಸಿ ಒಂದೇ ದನಿಯಲ್ಲಿ ಊಟದ ಮಾತು ಹೇಳುವವರೆಗೆ ಯಾರೂ ಬಾಯಿಗೆ ತುತ್ತಿಡುವಂತಿಲ್ಲ. ಮಿಕ್ಕಿದ್ದು ಯಾರಿಗೆ ಎಂಬುದನ್ನು ಕೈಬೆರಳಿನ ಕಲ್ಲು-ಕತ್ತರಿ-ಕಾಗದದಾಟ ತೀರ್ಮಾನಿಸುತ್ತದೆ. ವಾರ ಮುಗಿದ ಮೇಲೆ ಏಪ್ರನ್ನನ್ನು ಮನೆಗೊಯ್ದು ಒಗೆದು ಇಸ್ತ್ರಿ ಮಾಡಿ ತರಬೇಕು, ಮುಂದಿನ ವಾರ ಅದನ್ನೇ ಇನ್ನೊಬ್ಬರು ತೊಡುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೊಂದು ನಿಯಮ: ಮಕ್ಕಳ ಊಟಕ್ಕೆ ಅರ್ಧ ಗಂಟೆ ಮುಂಚೆ ಅದೇ ಊಟವನ್ನು ಮುಖ್ಯೋಪಾಧ್ಯಾಯರು ಉಂಡು, ರುಚಿ, ವಾಸನೆ, ಬೇಯುವಿಕೆ ಸರಿಯಿದೆಯೇ ಎಂದು ದಾಖಲಿಸಬೇಕು.

ಇಲ್ಲೊಂದು ತೊಡಕಿದೆ. ಜಪಾನಿನ ಬಹುತೇಕ ಸಾರು ಪಲ್ಯಗಳ ತಳದಲ್ಲಿ ಒಣಮೀನಿನ ರಸವಿರುತ್ತದೆ. ಟೋಕಿಯೋದ ನಿಶಿ-ಕಸಾಯ್ ಕಡೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿದ ಭಾರತೀಯರು ಬಹಳ, ಅವರಲ್ಲಿ ಕನ್ನಡದವರೂ ಇದ್ದಾರೆ. ಮಗುವನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವ ಸಸ್ಯಾಹಾರಿ ಕುಟುಂಬಗಳಿಗೆ ಮೊದಲು ಎದುರಾಗುವ ಕಗ್ಗಂಟು ಇದು. ಮನೆಯಿಂದ ಡಬ್ಬಿ ಕಳಿಸಲು ಶಾಲೆ ಒಪ್ಪುವುದುಂಟು. ಆದರೆ ಎಲ್ಲರೂ ಒಂದೇ ಊಟ ಉಣ್ಣುತ್ತಿರುವಾಗ ತಾನೊಬ್ಬಳೇ ಡಬ್ಬಿ ಬಿಚ್ಚುವುದು ಎಂಟು ವರ್ಷದವಳಿಗೆ ಸುಲಭವಲ್ಲ. ಎಲ್ಲರೂ ಒಂದೇ ಎಂಬ ಏರ್ಪಾಡಿನಲ್ಲಿ ಬೇರೆಯಾಗಿರುವವರ ಪಾಡೇನು ಎಂಬ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಹುಟ್ಟಿನಿಂದ ಬಂದದ್ದಂತೂ ಅಲ್ಲ. 1964ರ ಒಲಿಂಪಿಕ್ಸ್‌ಗೆ ಮುಂಚಿನ ಟೋಕಿಯೋದಲ್ಲಿ ಸುಮಿದಾ ನದಿ ಗಬ್ಬು ನಾರುತ್ತಿತ್ತು, ಬೀದಿಯಲ್ಲಿ ಕಸ ಬಿದ್ದಿರುತ್ತಿತ್ತು. ವಿದೇಶಿಯರೆದುರು ಮಾನ ಹೋದೀತೆಂದು ಸರ್ಕಾರ ಊರೆಲ್ಲ ಸ್ವಚ್ಛತಾ ಆಂದೋಲನ ಹೂಡಿತು. 1965ರ ಬೇಸಿಗೆಯಲ್ಲಿ, ಕಸ ಸುರಿದು ತುಂಬಿಸುತ್ತಿದ್ದ ಯುಮೆನೋಶಿಮಾ ದ್ವೀಪದಿಂದ ನೊಣಗಳ ದಂಡೆದ್ದು ಕೋತೋ ವಾರ್ಡಿನ ಮನೆ, ಶಾಲೆಗಳಿಗೆ ನುಗ್ಗಿತು. ಕೊನೆಗೆ ಕಸದ ಗುಡ್ಡೆಗೇ ಬೆಂಕಿ ಇಡಬೇಕಾಯಿತು. 1971ರಲ್ಲಿ ಟೋಕಿಯೋದ ಗವರ್ನರ್ ಮಿನೋಬೆ ರ್‍ಯೋಕಿಚಿ 'ಕಸದ ಯುದ್ಧ'ವನ್ನೇ ಘೋಷಿಸಿದರು. ಊರಿನ ಕಸವೆಲ್ಲ ನಮ್ಮ ವಾರ್ಡಿಗೇ ಏಕೆ ಎಂದು ಕೋತೋದ ಜನ, ಕಸ ಸುಡುವ ಘಟಕ ನಮ್ಮಲ್ಲಿ ಬೇಡವೆಂದ ಸುಗಿನಾಮಿ ವಾರ್ಡಿನ ಲಾರಿಗಳನ್ನು ಅಡ್ಡಗಟ್ಟಿದರು. ಬೆಂಗಳೂರಿನ ಕಸ ಹೊತ್ತು ಮಂಡೂರಿಗೆ ಹೋಗುತ್ತಿದ್ದ ಲಾರಿಗಳ ಸುದ್ದಿ ಓದಿದ್ದವರಿಗೆ ಇದು ಅಪರಿಚಿತವೇನಲ್ಲ.

ಆ ದಿನಗಳಲ್ಲಿ ಬೀದಿಗೆ ಕಸ ಎಸೆದವರೂ ಶಾಲೆಯಲ್ಲಿ ನೆಲ ಒರೆಸಿ ಬೆಳೆದವರೇ. ಮಕ್ಕಳ ಕೈಯಲ್ಲಿ ಪೊರಕೆ ಇಡುವ ರೂಢಿ ಜಪಾನಿನ ಶಾಲೆಗಳಲ್ಲಿ ಯುದ್ಧಕ್ಕೂ ಮುಂಚಿನಿಂದಲೇ ಇತ್ತು. ಹಾಗಾಗಿ ಶಾಲೆ ಗುಡಿಸಿದ್ದರಿಂದಲೇ ದೇಶ ಸ್ವಚ್ಛವಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಲವು ವಾರ್ಡುಗಳಲ್ಲಿ ಕಸ ಸುಡುವ ಘಟಕ, ಯಾವ ದಿನ ಯಾವ ಕಸ ಎಂಬ ಕಟ್ಟುನಿಟ್ಟು, ತಪ್ಪಾಗಿ ಬೇರ್ಪಡಿಸಿದ ಚೀಲವನ್ನು ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋಗುವ ಲಾರಿ, ಅದನ್ನು ನೋಡುವ ನೆರೆಮನೆಯವರ ಕಣ್ಣು, ಇವೆಲ್ಲ ಸೇರಿ ಬೀದಿ ಶುಭ್ರವಾದವು. ತೊಕುಶಿಮಾ ಪ್ರಾಂತ್ಯದ ಕಮಿಕತ್ಸು ಎಂಬ ಪುಟ್ಟ ಊರಿನಲ್ಲಿ ಕಸವನ್ನು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಸಾರಿನ್ ವಿಷಾನಿಲದ ದಾಳಿಯಾದ ಮೇಲೆ ಸಾರ್ವಜನಿಕ ಕಸದ ಬುಟ್ಟಿಗಳನ್ನೇ ತೆಗೆಯಿಸಿದರು. ತಿಂದ ಪೊಟ್ಟಣವನ್ನು ಜೇಬಿನಲ್ಲಿಟ್ಟು ಮನೆಗೊಯ್ಯುವ ಅಭ್ಯಾಸ ಗಟ್ಟಿಯಾಗಲು ಅದೂ ಒಂದು ಕಾರಣ. ಶಾಲೆಯ ಪಾಲು ಇದರಲ್ಲಿಲ್ಲ ಎಂದಲ್ಲ. ತನ್ನ ಕಸ ಇನ್ನೊಬ್ಬರ ಕೆಲಸವಲ್ಲ ಎಂಬ ತಿಳಿವಳಿಕೆ ಅಲ್ಲಿ ಮೂಡುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಶಾಲೆಯ ಹೊರಗೂ ಒಂದು ಊರು ಬೇಕು.

ಮಕ್ಕಳು ತಾವೇ ನಡೆದು ಶಾಲೆಗೆ ಹೋಗುವುದೂ ಇದೇ ಬಗೆಯದು. ಆರು ವರ್ಷದ ಮಗು ಗಟ್ಟಿ ಚರ್ಮದ ಚೌಕಾಕಾರದ ರಂದೊಸೆರು ಚೀಲ ಹೊತ್ತು, ಹಳದಿ ಟೋಪಿ ಹಾಕಿ, ಕೇರಿಯ ಮಕ್ಕಳ ಸಾಲಿನಲ್ಲಿ ಹೊರಡುತ್ತದೆ. ಆ ಚೀಲಕ್ಕೆ ಹತ್ತಾರು ಸಾವಿರ ಯೆನ್ ಬೆಲೆ, ಅಜ್ಜ ಅಜ್ಜಿ ಕೊಡಿಸುವುದು ವಾಡಿಕೆ, ಆರು ವರ್ಷ ಅದೇ ಚೀಲ. ಮಗುವಿನ ಧೈರ್ಯದ ಹಿಂದೆ ಹತ್ತಿರದಲ್ಲೇ ಇರುವ ಶಾಲೆ, ಗೊತ್ತುಪಡಿಸಿದ ದಾರಿ, ರಸ್ತೆ ದಾಟುವಲ್ಲಿ ಬಾವುಟ ಹಿಡಿದು ನಿಂತ ಊರಿನ ಹಿರಿಯರು ಇರುತ್ತಾರೆ. ಸಂಜೆ ಐದರ ಸುಮಾರಿಗೆ ಊರಿನ ಧ್ವನಿವರ್ಧಕಗಳಲ್ಲಿ ಒಂದು ರಾಗ ಕೇಳಿಸುತ್ತದೆ, ಆಟ ಸಾಕು ಮನೆಗೆ ಹೋಗಿ ಎಂದು. ಭೂಕಂಪ, ಸುನಾಮಿಯ ಎಚ್ಚರಿಕೆ ಕೊಡುವ ಯಂತ್ರ ಸರಿಯಿದೆಯೇ ಎಂದು ದಿನವೂ ಪರೀಕ್ಷಿಸುವ ಕೆಲಸವನ್ನೂ ಅದೇ ರಾಗ ಮಾಡುತ್ತದೆ.

ಇನ್ನು ಪಾಲಕರ ಜಗಳ. ಅವರನ್ನು ಅರಿಯದವರೆಂದು ತಳ್ಳಿಹಾಕಬೇಡಿ. ಪೊರಕೆ ಯಾರ ಕೈಗೆ ಬರುತ್ತದೆ ಎಂಬುದು ನಮ್ಮಲ್ಲಿ ಜಾತಿಯ ಲೆಕ್ಕ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದದ್ದು ನೆನಪಿರಬಹುದು. ಅಂಥ ನಾಡಿನಲ್ಲಿ ಮಗಳು ಶಾಲೆಯಲ್ಲಿ ಗುಡಿಸಿದಳೆಂದರೆ ಅಪ್ಪ ಮೊದಲು ಕೇಳುವುದು, ಅವಳೊಬ್ಬಳೇ ಏಕೆ ಎಂದು. ಜಪಾನೂ ಈ ರೋಗ ಕಾಣದ ದೇಶವಲ್ಲ. ಹೆಣ, ಚರ್ಮ, ಮಾಂಸದ ಕೆಲಸ ಮಾಡುತ್ತಿದ್ದವರನ್ನು ಅಲ್ಲಿಯೂ ಊರ ಹೊರಗಿಟ್ಟಿದ್ದರು. 1871ರ ಆಜ್ಞೆ ಆ ಭೇದವನ್ನು ಕಾಗದದ ಮೇಲೆ ಅಳಿಸಿತು. 1922ರಲ್ಲಿ ಆ ಜನರೇ ಕ್ಯೋಟೋದಲ್ಲಿ ಸುಯ್ಹೇಯ್ಶಾ ಎಂಬ ಸಂಘ ಕಟ್ಟಿ ಸಮಾನತೆ ಕೇಳಿದರು. ಆದರೂ ಅವರ ಕೇರಿಗಳ ಪಟ್ಟಿಯನ್ನು ಕಂಪನಿಗಳಿಗೆ ಗುಟ್ಟಾಗಿ ಮಾರುತ್ತಿದ್ದುದು 1975ರಲ್ಲಿ ಬಯಲಾಯಿತು. ಆದ್ದರಿಂದ ಆ ರಟ್ಟಿನ ಚಕ್ರವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಯಾರ ಮಗು ಎಂದು ಅದು ಕೇಳುವುದಿಲ್ಲ, ತಪ್ಪು ಮಾಡಿದವರಿಗೆ ಶಿಕ್ಷೆಯಾಗಿಯೂ ತಿರುಗುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಅದರ ಬೆಲೆಯನ್ನೂ ಹೇಳಬೇಕು. 2023ರ ಶಾಲಾ ವರ್ಷದಲ್ಲಿ ಜಪಾನಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ 3,46,482 ಮಕ್ಕಳು ಕಾಯಿಲೆ, ಬಡತನದಂಥ ಕಾರಣವಿಲ್ಲದೆ ಮೂವತ್ತು ದಿನ ಅಥವಾ ಹೆಚ್ಚು ಶಾಲೆಯಿಂದ ದೂರ ಉಳಿದರು. ಸರಾಸರಿ ನೋಡಿದರೆ ತರಗತಿಗೊಬ್ಬರು. ಹೊಟ್ಟೆನೋವು ಎನ್ನುತ್ತ ಹಾಸಿಗೆ ಬಿಡದ, ಬಾಗಿಲವರೆಗೆ ಬಂದು ಕಾಲು ಕಿತ್ತಿಡಲಾಗದ ಮಕ್ಕಳು. ಕಾರಣ ಒಂದೇ ಅಲ್ಲ, ಆದರೆ ಎಲ್ಲರೂ ಒಂದೇ ಹೆಜ್ಜೆ ಹಾಕಬೇಕಾದ ಕಡೆ ಹೆಜ್ಜೆ ತಪ್ಪುವವರಿಗೆ ಜಾಗ ಕಡಿಮೆ. 2017ರಲ್ಲಿ ಒಸಾಕಾದ ಹುಡುಗಿಯೊಬ್ಬಳು ತನ್ನ ಕೂದಲು ಹುಟ್ಟಿನಿಂದಲೇ ಕಂದು, ಕಪ್ಪು ಬಣ್ಣ ಹಚ್ಚಲು ಶಾಲೆ ಪದೇ ಪದೇ ಒತ್ತಾಯಿಸಿತು ಎಂದು ನ್ಯಾಯಾಲಯಕ್ಕೆ ಹೋದಳು. ಟೋಕಿಯೋದ ಸರ್ಕಾರಿ ಹೈಸ್ಕೂಲುಗಳು ಕೂದಲಿನ ಬಣ್ಣದಂಥ ನಿಯಮಗಳನ್ನು ಕೈಬಿಟ್ಟದ್ದು 2022ರ ಏಪ್ರಿಲ್‌ನಿಂದ. ಟೀಚರುಗಳ ಪಾಡೂ ಕೇಳಿ: 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲಾ ಶಿಕ್ಷಕರ ದುಡಿಮೆ ವಾರಕ್ಕೆ 56 ಗಂಟೆ, ಭಾಗವಹಿಸಿದ ದೇಶಗಳಲ್ಲೇ ಅತಿ ಹೆಚ್ಚು. ಮಕ್ಕಳ ಜೊತೆ ಒರೆಸುವುದು, ಉಣ್ಣುವುದು, ಶಾಲೆ ಬಿಟ್ಟ ಮೇಲೆ ಕ್ರೀಡಾ ಕ್ಲಬ್ಬು ನಡೆಸುವುದು ಎಲ್ಲವೂ ಅವರ ತಲೆಯ ಮೇಲೇ.

ಮಾತು ಕೇಳುವ ಶಿಸ್ತಿನ ಬಗ್ಗೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು 2011ರ ಮಾರ್ಚ್ 11. ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಭೂಕಂಪವಾದ ಮೇಲೆ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರು. ಎಲ್ಲಿಗೆ ಹೋಗುವುದೆಂದು ದೊಡ್ಡವರು ತೀರ್ಮಾನಿಸುವ ಹೊತ್ತಿಗೆ ಸುಮಾರು ಐವತ್ತು ನಿಮಿಷ ಕಳೆದಿತ್ತು. ಶಾಲೆಯ ಬೆನ್ನಿಗೇ ಗುಡ್ಡವಿತ್ತು. 74 ಮಕ್ಕಳು, 10 ಶಿಕ್ಷಕರು ಸುನಾಮಿಗೆ ಬಲಿಯಾದರು. ಮುಂಜಾಗ್ರತೆಯಲ್ಲಿ ಶಾಲೆ ಮತ್ತು ಸ್ಥಳೀಯ ಆಡಳಿತ ತಪ್ಪಿದ್ದವೆಂದು ಸೆಂದಾಯ್ ಉಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು, ಮರುವರ್ಷ ಸರ್ವೋಚ್ಚ ನ್ಯಾಯಾಲಯದಲ್ಲೂ ಅದೇ ಉಳಿಯಿತು. ಅದೇ ದಿನ ಕಮಾಯ್ಶಿಯಲ್ಲಿ ಮಾಧ್ಯಮಿಕ ಶಾಲೆಯ ಹುಡುಗರು ಯಾರ ಅಪ್ಪಣೆಗೂ ಕಾಯದೆ ಎತ್ತರಕ್ಕೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹಿಂಬಾಲಿಸಿದರು, ದೊಡ್ಡವರು ಚಿಕ್ಕವರ ಕೈಹಿಡಿದರು. ಮೊದಲು ನಿಂತ ಜಾಗ ಸಾಲದೆಂದು ಕಂಡು ಇನ್ನೂ ಮೇಲೆ ಹತ್ತಿದರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಪ್ರೊಫೆಸರ್ ಕತದಾ ತೊಶಿತಾಕಾ ಅಲ್ಲಿನ ಶಾಲೆಗಳಿಗೆ ಕಲಿಸಿದ್ದು ಇದು: ಅಪಾಯದ ನಕ್ಷೆಯನ್ನು ಕುರುಡಾಗಿ ನಂಬಬೇಡಿ, ಆ ಗಳಿಗೆಯಲ್ಲಿ ಕೈಲಾದುದೆಲ್ಲ ಮಾಡಿ, ಯಾರೂ ಓಡದಿದ್ದರೂ ನೀವು ಮೊದಲು ಓಡಿ. ದೊಡ್ಡವರು ಚಿಕ್ಕವರ ಕೈಹಿಡಿಯುವುದು ಒಂದು ಪಾಠ, ಅಪ್ಪಣೆಗೆ ಕಾಯದಿರುವುದು ಇನ್ನೊಂದು. ಎರಡನ್ನೂ ಕಲಿಸುವ ಶಾಲೆ ಜಪಾನಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಈ ಎರಡೂ ಮುಖ ನೋಡಬೇಕೆನಿಸಿದರೆ ಎಮಾ ರಯನ್ ಯಮಝಾಕಿ ಅವರ 'ದಿ ಮೇಕಿಂಗ್ ಆಫ್ ಎ ಜಪನೀಸ್' ಎಂಬ ಸಾಕ್ಷ್ಯಚಿತ್ರ ನೋಡಿ. ಟೋಕಿಯೋದ ಒಂದು ಸರ್ಕಾರಿ ಶಾಲೆಯ ಒಂದು ವರ್ಷವನ್ನು, ಅಳುವ ಮಕ್ಕಳನ್ನೂ ದಣಿದ ಟೀಚರುಗಳನ್ನೂ ಮರೆಮಾಚದೆ, ತೋರಿಸುತ್ತದೆ. ಈಜಿಪ್ಟ್ 2018ರಲ್ಲಿ 35 ಶಾಲೆಗಳಲ್ಲಿ ಜಪಾನಿನ ಈ ಶಾಲಾ ಪದ್ಧತಿಯನ್ನು ಶುರುಮಾಡಿತು. ಪೊರಕೆಯೊಂದನ್ನೇ ತರದೆ ಸರದಿ, ತರಗತಿ ಸಭೆ, ದಿನದ ಮುಖ್ಯಸ್ಥರು ಎಲ್ಲವನ್ನೂ ಜೊತೆಗೇ ತಂದಿತು.

ನಿಮ್ಮ ಶಾಲೆಯಲ್ಲಿ ಮಾಡಿನೋಡುವುದಾದರೆ ನಾನೂ ಪೊರಕೆಯೊಂದನ್ನೇ ತರಬೇಡಿ ಎನ್ನುತ್ತೇನೆ. ಮೊದಲು ಬಾಗಿಲ ಬಳಿ ಚಪ್ಪಲಿ ಬಿಡಲು ಒಂದು ಹಲಗೆ. ಆಮೇಲೆ ರಟ್ಟಿನ ಚಕ್ರ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅದನ್ನು ಪಾಲಕರ ಮುಂದೆ ತಿರುಗಿಸಿ ತೋರಿಸಿ. ಗಂಡುಮಕ್ಕಳ ಹೆಸರೂ, ಎಲ್ಲ ಕೇರಿಯವರ ಹೆಸರೂ, ನಿಮ್ಮ ಮತ್ತು ಮುಖ್ಯೋಪಾಧ್ಯಾಯರ ಹೆಸರೂ ಅದರಲ್ಲಿರಲಿ. ಯಾರು ತಡವಾಗಿ ಬಂದರೂ, ಗಲಾಟೆ ಮಾಡಿದರೂ ದಂಡವಾಗಿ ಮಾತ್ರ ಪೊರಕೆ ಕೊಡಬೇಡಿ. ಒಮ್ಮೆ ಕೊಟ್ಟಿರೋ, ಮರುದಿನದಿಂದ ಅದು ಶಿಕ್ಷೆಯೆಂದೇ ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ. ಬಿಸಿಯೂಟ ಬಡಿಸುವ ಸರದಿಯನ್ನು ಪೊರಕೆಗೆ ಮುಂಚೆಯೇ ಆರಂಭಿಸಿದರೆ ಇನ್ನೂ ಒಳ್ಳೆಯದು, ಮಕ್ಕಳು ಆ ಕೆಲಸಕ್ಕೆ ಮುಗಿಬೀಳುತ್ತಾರೆ. ಶೌಚಾಲಯವನ್ನು ಚಕ್ರಕ್ಕೆ ಸೇರಿಸಬೇಡಿ. ಜಪಾನಿನ ಹಲವು ಶಾಲೆಗಳಲ್ಲಿ ಮಕ್ಕಳು ಅದನ್ನೂ ಮಾಡುತ್ತಾರೆ, ನಿಜ. ಆದರೆ ಅಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ನಮ್ಮ ಇಲಾಖೆಯೇ ಹೇಳಿದೆ. ನೀರಿಲ್ಲದಿದ್ದರೆ ಅದಕ್ಕೆ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ.